ಹಳೆಯ ಮಾರುತಿ 800ರ ಬ್ರೇಕಿಗೆ ರಬ್ಬರ್ ಕಿಟ್ ಸಾಕೋ, ಸಿಲಿಂಡರೇ ಬೇಕೋ?

ಹೊಸಂಗಡಿ, ಉಪ್ಪಳ, ಕುಂಬಳೆ, ಬದಿಯಡ್ಕ, ಕಾಸರಗೋಡು, ಎಲ್ಲಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾದರೂ ‘ಎಯ್ಟ್ ಹಂಡ್ರೆಡ್‌ಗೆ ಬ್ರೇಕ್ ಕಿಟ್’ ಎಂದು ಕೇಳಿದರೆ ಅಂಗೈಯಲ್ಲಿ ಹಿಡಿಯುವಷ್ಟು ಒಂದು ಪ್ಲಾಸ್ಟಿಕ್ ಪ್ಯಾಕೆಟ್ ಕೊಡುತ್ತಾರೆ. ಹಿಂದಿನ ಚಕ್ರದೊಳಗೆ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನದ್ದಾದರೆ ಅದರೊಳಗೆ ಎರಡು ರಬ್ಬರ್ ಕಪ್ಪು (ಆಯಿಲ್ ಸೋರದಂತೆ ತಡೆಯುವ ಬಟ್ಟಲಿನಾಕಾರದ ಸೀಲು), ಎರಡು ಧೂಳಿನ ಟೋಪಿ ಇರುತ್ತವೆ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನದ್ದಾದರೆ ನಾಲ್ಕೈದು ಬೇರೆ ಬೇರೆ ಆಕಾರದ ಕಪ್ಪು, ಒಂದೆರಡು ವಾಷರು. ಇಡೀ ಸಿಲಿಂಡರಿನ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುವ ಸಾಮಾನು ಇದು. ಅದಕ್ಕೇ ಬ್ರೇಕ್ ಸೋರಿತು ಎಂದ ಕೂಡಲೇ ಎಲ್ಲರೂ ಮೊದಲು ಕೊಳ್ಳುವುದು ಇದನ್ನೇ.

ಕಿಟ್ ಕೆಟ್ಟ ಸಾಮಾನಲ್ಲ. ಒಳ್ಳೆಯ ಕಂಪನಿಯ ಕಪ್ಪುಗಳು ಸರಿಯಾದ ಬೋರಿನಲ್ಲಿ, ಅಂದರೆ ಸಿಲಿಂಡರಿನ ನುಣುಪಾದ ಒಳಮೈಯಲ್ಲಿ, ವರ್ಷಗಟ್ಟಲೆ ಬಾಳುತ್ತವೆ. ಆದರೆ ನಮ್ಮ ಕರಾವಳಿಯಲ್ಲಿ ನಿಂತ ಹಳೆಯ ಗಾಡಿಗಳಲ್ಲಿ ‘ಸರಿಯಾದ ಬೋರು’ ಸಿಗುವುದೇ ಅಪರೂಪ. ಈ ವಿಮರ್ಶೆಯ ತಿರುಳು ಅಷ್ಟೇ: ಬೋರನ್ನು ಕಣ್ಣಾರೆ ನೋಡದೆ ಕಿಟ್ ಕೊಂಡರೆ ಹಣವೂ ಹೋಗುತ್ತದೆ, ಕೂಲಿಯೂ ಎರಡು ಸಲ ಹೋಗುತ್ತದೆ.

ಬೋರನ್ನು ನೋಡುವುದು ಹೇಗೆಂದು ಮೊದಲು ಹೇಳಬೇಕು. ಸಿಲಿಂಡರನ್ನು ಬಿಚ್ಚಿ ಪಿಸ್ಟನ್, ಸ್ಪ್ರಿಂಗ್, ಹಳೆಯ ಕಪ್ಪು ತೆಗೆಯಿರಿ. ಒಳಗೆ ಗಂಜಿಯಂತೆ ಕಂದು ಕೆಸರು ಕುಳಿತಿರುತ್ತದೆ. ಅದನ್ನು ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ, ಪೆಟ್ರೋಲು, ಡೀಸೆಲು ಮುಟ್ಟಲೇಬೇಡಿ. ಅವುಗಳ ಒಂದು ತೊಟ್ಟು ಒಳಗುಳಿದರೂ ಹೊಸ ರಬ್ಬರ್ ಉಬ್ಬಿಕೊಳ್ಳುತ್ತದೆ. ಒರೆಸಿದ ಮೇಲೆ ಟಾರ್ಚನ್ನು ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯಿಂದ ನೋಡಿ. ಕನ್ನಡಿಯಂತೆ ಒಂದೇ ಹೊಳಪಿದ್ದರೆ ಕಿಟ್ ಸಾಕು. ಕೆಳಭಾಗದಲ್ಲಿ, ಅಂದರೆ ಸಿಲಿಂಡರ್ ಗಾಡಿಯಲ್ಲಿ ಕುಳಿತಾಗ ನೆಲದ ಕಡೆಗಿರುವ ಬದಿಯಲ್ಲಿ, ಸಾಸಿವೆ ಕಾಳಿನಿಂದ ಚುಚ್ಚಿದ ಹಾಗೆ ಕಪ್ಪು ಕುಳಿಗಳ ಸಾಲು ಕಂಡರೆ ಆ ಸಿಲಿಂಡರಿನ ಆಯುಸ್ಸು ಮುಗಿಯಿತು. ಕಣ್ಣಿಗೆ ಅನುಮಾನವಾದರೆ ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಂಡ ಕಡೆ ರಬ್ಬರಿನ ತುಟಿಯೂ ಸಿಕ್ಕಿ ಹರಿಯುತ್ತದೆ.

ಕುಳಿ ಕೆಳಗಡೆಯೇ ಬೀಳುವುದಕ್ಕೆ ಕಾರಣವಿದೆ. ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು, ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ. ಹೋಸಿನ (ಚಕ್ರಕ್ಕೆ ಆಯಿಲ್ ಒಯ್ಯುವ ಬಾಗುವ ಪೈಪಿನ) ರಬ್ಬರ್ ಮೂಲಕ, ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ರಂಧ್ರದ ಮೂಲಕ ನೀರು ವರ್ಷವರ್ಷವೂ ಒಳಗೆ ಸೇರುತ್ತಲೇ ಇರುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮನೆಯ ಗೋಡೆಯೇ ಬೆವರುತ್ತದೆ. ಗಾಡಿ ಓಡದೆ ನಿಂತಾಗ ನೀರು ಸೇರಿದ ಹಳೆಯ ಆಯಿಲ್ ಕೆಸರಿನೊಂದಿಗೆ ಬೋರಿನ ತಳದಲ್ಲೇ ಕುಳಿತು ತುಕ್ಕು ಹಿಡಿಸುತ್ತದೆ. ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಅಂಗಳದಲ್ಲೇ ನಿಂತ ಗಾಡಿಯ ಸಿಲಿಂಡರ್ ದಿನಾ ಓಡುವ ಗಾಡಿಯದಕ್ಕಿಂತ ಬೇಗ ಹಾಳಾಗುವುದು ಹೀಗೆ.

ಎಮರಿ ಪೇಪರ್ ಹಾಕಿ ಉಜ್ಜಿ ಕಿಟ್ ಕೂರಿಸಿಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಎರಕದ ಕಬ್ಬಿಣದ ಸಿಲಿಂಡರಿನಲ್ಲಿ ಬರೀ ಬಣ್ಣದ ಕಲೆ ಇದ್ದರೆ ಬಹಳ ನಯವಾದ ಪೇಪರಿನಿಂದ, ಸುತ್ತು ಸುತ್ತಾಗಿ ತಿಕ್ಕಿ ಒಪ್ಪ ಮಾಡಬಹುದು. ಉದ್ದಕ್ಕೆ ಎಳೆದು ತಿಕ್ಕಿದರೆ ಆ ಗೀರೇ ಆಯಿಲಿಗೆ ದಾರಿಯಾಗುತ್ತದೆ. ಅಲ್ಯೂಮಿನಿಯಮ್ ಸಿಲಿಂಡರಾದರೆ ಉಜ್ಜಲೇಬಾರದು. ಅದರ ಮೇಲಿನ ಗಟ್ಟಿ ಪದರ ಬಹಳ ತೆಳ್ಳಗಿನದು, ಅದು ಹೋದರೆ ಒಳಗಿನ ಮೆತ್ತನೆಯ ಲೋಹ ಬೇಗ ಸವೆಯುತ್ತದೆ. ಕುಳಿ ಬಿದ್ದ ಬೋರಿಗೆ ಯಾವ ಲೋಹವಾದರೂ ಕಿಟ್ ಹಾಕಬೇಡಿ. ನಾಲ್ಕು ದಿನ ಚೆನ್ನಾಗಿ ನಿಂತು ಮತ್ತೆ ಸೋರುವುದು ಅದೇ.

ವೀಲ್ ಸಿಲಿಂಡರಿನ ವಿಷಯದಲ್ಲಿ ನನ್ನ ಮತ ಗಟ್ಟಿ: ಬೋರು ಹೊಳೆದರೂ ಹತ್ತು ವರ್ಷ ದಾಟಿದ ಗಾಡಿಗೆ ಕಿಟ್ ಬೇಡ, ಎರಡೂ ಬದಿಯ ಸಿಲಿಂಡರನ್ನು ಒಟ್ಟಿಗೆ ಹೊಸದಾಗಿ ಹಾಕಿ. 800 ಬಂದದ್ದು 1983ರಲ್ಲಿ, ತಯಾರಿ ನಿಂತದ್ದು 2014ರ ಆರಂಭದಲ್ಲಿ. ಆದ್ದರಿಂದ ರಸ್ತೆಯಲ್ಲಿರುವ ಪ್ರತಿ 800ಕ್ಕೂ ಈ ಮಾತು ಸಲ್ಲುತ್ತದೆ. ಹೊಸ ವೀಲ್ ಸಿಲಿಂಡರ್ ದೊಡ್ಡ ಖರ್ಚಿನದ್ದಲ್ಲ. ಚಕ್ರದ ಜೊತೆ ತಿರುಗುವ ಡ್ರಮ್ ಬಿಚ್ಚಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ತೆಗೆದು, ಪೈಪಿನಲ್ಲಿ ಸೇರಿದ ಗಾಳಿ (ಏರ್) ತೆಗೆಯುವ ಕೂಲಿ ಕಿಟ್ಟಿಗೂ ಸಿಲಿಂಡರಿಗೂ ಒಂದೇ. ಕೊಳ್ಳುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಬೋರಿನ ಅಳತೆ ಸಾಮಾನ್ಯವಾಗಿ ಸಿಲಿಂಡರಿನ ಮೈಮೇಲೆಯೇ ಅಚ್ಚಾಗಿರುತ್ತದೆ. ಎಡಬಲದ ಅಳತೆ ಬೇರೆಯಾದರೆ ದೊಡ್ಡ ಬೋರಿನ ಬದಿಯ ಶೂ ಹೆಚ್ಚು ಬಲದಿಂದ ಹಿಡಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರುತ್ತದೆ.

ಮಾಸ್ಟರ್ ಸಿಲಿಂಡರ್ ಬೇರೆ ಕಥೆ. ಅದು ದುಬಾರಿ, ಹಾಗಾಗಿ ಬೋರು ಹೊಳೆಯುತ್ತಿದ್ದರೆ ಕಿಟ್‌ಗೆ ಒಂದು ಅವಕಾಶ ಕೊಡಬಹುದು. ಕಪ್ಪುಗಳ ತುಟಿ ಯಾವ ಕಡೆಗಿತ್ತೆಂದು ತೆಗೆಯುವಾಗಲೇ ಫೋಟೊ ತೆಗೆದಿಡಿ. ಒಂದೇ ಒಂದು ಕಪ್ಪು ತಿರುವುಮುರುವಾದರೆ ಬ್ರೇಕೇ ಇರುವುದಿಲ್ಲ. ಕೂರಿಸುವಾಗ ಕಪ್ಪು, ಬೋರು ಎರಡಕ್ಕೂ ಹೊಸ ಬ್ರೇಕ್ ಆಯಿಲ್ ಸವರಿ, ಬೆರಳಿನಿಂದಲೇ ತಳ್ಳಿ. ಸ್ಕ್ರೂಡ್ರೈವರ್ ತುದಿ ತಾಗಿದ ಕಪ್ಪನ್ನು ಎಸೆದುಬಿಡಿ.

ಆದರೆ ಅಂಗಡಿಗೆ ಹೋಗುವ ಮೊದಲು ತೊಂದರೆ ಎಲ್ಲಿದೆ ಎಂದು ಪೆಡಲಿನಿಂದಲೇ ತಿಳಿದುಕೊಳ್ಳಬೇಕು. ‘ಬ್ರೇಕ್ ಕಮ್ಮಿ’ ಎಂಬ ಒಂದೇ ಮಾತಿಗೆ ಶೂ, ಪ್ಯಾಡು, ಕಿಟ್ ಎಲ್ಲ ಹಾಕಿಸಿಕೊಂಡವರು ಬಹಳ ಜನ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿ. ಪೆಡಲನ್ನು ಹಗುರವಾಗಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಪಾದದ ಕೆಳಗೆ ಅದು ನಿಧಾನವಾಗಿ ಇಳಿಯುತ್ತ ಹೋದರೆ, ಡಬ್ಬಿಯ ಆಯಿಲ್ ಮಾತ್ರ ಕಡಿಮೆಯಾಗದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ಪು ಹೋಗಿದೆ. ಹಗುರವಾಗಿ ಎಂದದ್ದು ಬೇಕೆಂದೇ. ಜೋರಾಗಿ ಒತ್ತಿದರೆ ಒತ್ತಡಕ್ಕೇ ಕಪ್ಪಿನ ತುಟಿ ಅಗಲವಾಗಿ ಬೋರಿಗೆ ಅಂಟಿಕೊಂಡು ದೋಷವನ್ನು ಮುಚ್ಚಿಬಿಡುತ್ತದೆ. ಸಿಗ್ನಲಿನಲ್ಲಿ ಸುಮ್ಮನೆ ಕಾಲಿಟ್ಟು ನಿಂತಾಗ ಪೆಡಲ್ ಇಳಿಯುತ್ತದೆ, ಓಡುವಾಗ ಸರಿಯಿದೆ ಎಂದು ಹೇಳುವವರ ಗಾಡಿಯಲ್ಲಿ ಬಹುಪಾಲು ಇದೇ ಕಾಯಿಲೆ.

ಪೆಡಲ್ ಇಳಿಯುತ್ತದೆ, ಡಬ್ಬಿಯೂ ಖಾಲಿಯಾಗುತ್ತದೆ ಎಂದಾದರೆ ಹೊರಗೆ ಸೋರುತ್ತಿದೆ. ಹಿಂದಿನ ಎರಡು ಟೈರುಗಳ ಒಳಮೈ, ಡ್ರಮ್ಮಿನ ಹಿಂದಿನ ತಗಡಿನ ಕೆಳ ಅಂಚು, ಮುಂದಿನ ಹೋಸುಗಳು, ಪೈಪು ಸೇರುವ ನಟ್ಟುಗಳು ಎಲ್ಲವನ್ನೂ ನೋಡಿ. ಎಲ್ಲೂ ಒದ್ದೆಯಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಹಿಂಬದಿಯಿಂದ ಬೂಸ್ಟರಿನೊಳಗೆ (ಎಂಜಿನ್ನಿನ ವ್ಯಾಕ್ಯೂಮಿನಿಂದ ಕಾಲಿನ ಬಲ ಹೆಚ್ಚಿಸುವ ಭಾಗ) ಹೋಗುತ್ತಿರಬಹುದು. ಬೂಸ್ಟರ್ ಇಲ್ಲದ ಗಾಡಿಯಲ್ಲಿ ಅದು ಪೆಡಲಿನ ಬುಡದಿಂದ ಮ್ಯಾಟಿನ ಮೇಲೆ ಇಳಿಯುತ್ತದೆ.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಏರ್. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ಬೇಗ ಬೇಗ ಒತ್ತಿದಾಗ ಮೇಲೆ ಬಂದು ಕಲ್ಲಿನಂತೆ ಗಟ್ಟಿಯಾದರೆ ಏರ್ ಅಲ್ಲ, ಹಿಂದಿನ ಶೂ ಡ್ರಮ್ಮಿನಿಂದ ದೂರ ನಿಂತಿದೆ, ಆ ಅಂತರ ಸರಿಪಡಿಸುವ ಅಡ್ಜಸ್ಟರ್ ಕೆಲಸ ಮಾಡುತ್ತಿಲ್ಲ. ಇವೆರಡರ ವ್ಯತ್ಯಾಸ ತಿಳಿಯದೆ ಲೀಟರುಗಟ್ಟಲೆ ಆಯಿಲ್ ಹೊರಗೆ ಚೆಲ್ಲುತ್ತಾರೆ. ಪೆಡಲ್ ಬಡಿಬಡಿ ಮಿಡಿದರೆ ಡಿಸ್ಕ್ ಅಥವಾ ಡ್ರಮ್ ಓರೆಯಾಗಿದೆ. ಲೇತಿಗೆ ಕೊಡುವ ಮೊದಲು ಅವುಗಳ ಮೇಲೆ ಅಚ್ಚಾದ ಮಿತಿಯನ್ನು ಓದಿ: ಡಿಸ್ಕಿಗೆ ಕನಿಷ್ಠ ದಪ್ಪ, ಡ್ರಮ್ಮಿಗೆ ಗರಿಷ್ಠ ಒಳವ್ಯಾಸ. ಮಿತಿ ದಾಟುವುದಾದರೆ ಲೇತ್ ಬೇಡ, ಹೊಸದೇ ಬೇಕು.

ಬೂಸ್ಟರ್ ಇರುವ ಗಾಡಿಯಲ್ಲಿ ಪೆಡಲ್ ವಿಪರೀತ ಗಟ್ಟಿಯಾಗಿದ್ದರೆ ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿ, ಕೊನೆಯ ಸಲ ಒತ್ತಿಯೇ ಹಿಡಿದು ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗೆ ಹೋಗಬೇಕು. ಹೋಗದಿದ್ದರೆ ಮೊದಲು ನೋಡಬೇಕಾದ್ದು ಎಂಜಿನ್ನಿನಿಂದ ಬೂಸ್ಟರಿಗೆ ಬರುವ ವ್ಯಾಕ್ಯೂಮ್ ಪೈಪು ಮತ್ತು ಅದರ ಚೆಕ್ ವಾಲ್ವು. ಬೂಸ್ಟರ್ ಬದಲಿಸುವ ಮಾತು ಆಮೇಲೆ.

ಗಾಡಿ ಒಂದು ಬದಿಗೆ ಎಳೆದರೆ ತಪ್ಪು ಇರುವುದು ಸಾಮಾನ್ಯವಾಗಿ ಎದುರು ಬದಿಯಲ್ಲಿ. ಎಡಕ್ಕೆ ಎಳೆದರೆ ಎಡ ಚಕ್ರ ಹಿಡಿಯುತ್ತಿದೆ, ಬಲದ್ದು ಹಿಡಿಯುತ್ತಿಲ್ಲ. ಮುಂದಿನ ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಬಲದ ಕ್ಯಾಲಿಪರಿನ ಪಿಸ್ಟನ್ ಅಥವಾ ಸ್ಲೈಡ್ ಪಿನ್ ತುಕ್ಕಿಗೆ ಕಚ್ಚಿರುತ್ತದೆ. ಪಿನ್ನುಗಳನ್ನು ಒರೆಸಿ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿದರೆ ಅರ್ಧ ಗಾಡಿಗಳು ಅಲ್ಲೇ ಸರಿಯಾಗುತ್ತವೆ. ಚಾಸಿಗೆ ಹೊಡೆಯುವ ಮಾಮೂಲಿ ಗ್ರೀಸ್ ಹಚ್ಚಿದರೆ ಪಿನ್ನಿನ ರಬ್ಬರ್ ಉಬ್ಬಿ ಮತ್ತೆ ಕಚ್ಚುತ್ತದೆ.

ಈಗ ಹೋಸು. ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಜನ ಕೊಳ್ಳುವ, ಆದರೆ ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರಯೋಜನ ಕೊಡುವ ಸಾಮಾನು ಇದೇ. ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗಿನ ರಬ್ಬರ್ ಉಬ್ಬಿ ದಾರಿ ಕಟ್ಟಿರುತ್ತದೆ. ಒತ್ತಿದಾಗ ನಿಮ್ಮ ಕಾಲಿನ ಬಲಕ್ಕೆ ಆಯಿಲ್ ನುಗ್ಗಿ ಹೋಗುತ್ತದೆ, ಬಿಟ್ಟಾಗ ವಾಪಸು ಬರಲು ಬಲವಿಲ್ಲ. ಬ್ರೇಕ್ ಹಿಡಿದೇ ಉಳಿಯುತ್ತದೆ, ಚಕ್ರ ಸುಡುತ್ತದೆ, ಮೈಲೇಜ್ ಇಳಿಯುತ್ತದೆ. ಪರೀಕ್ಷೆ ಸುಲಭ: ಚಕ್ರವನ್ನು ಜಾಕಿ ಮೇಲೆತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರಿನ ಮೇಲಿರುವ, ಏರ್ ತೆಗೆಯುವ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಒಂದು ಚಿಮ್ಮು ಆಯಿಲ್ ಹಾರಿ ಚಕ್ರ ಬಿಡುಗಡೆಯಾದರೆ ಕ್ಯಾಲಿಪರ್ ತಪ್ಪಿತಸ್ಥನಲ್ಲ. ಮುಂದಿನ ಸಲ ಹಾಗೇ ಹಿಡಿದಾಗ ನಿಪ್ಪಲಿನ ಬದಲು ಹೋಸಿನ ಮೇಲಿನ ತುದಿಗೆ ಸೇರುವ ಪೈಪಿನ ನಟ್ಟನ್ನು ಸಡಿಲಿಸಿ. ಆಗಲೂ ಚಕ್ರ ಬಿಡದಿದ್ದರೆ ಹೋಸೇ ಕಾರಣ. ಬಿಟ್ಟರೆ ಮಾಸ್ಟರ್ ಸಿಲಿಂಡರ್ ಆಯಿಲನ್ನು ವಾಪಸು ತೆಗೆದುಕೊಳ್ಳುತ್ತಿಲ್ಲ: ಪೆಡಲಿನ ರಾಡಿಗೆ ಸಡಿಲ ಇಲ್ಲ, ಇಲ್ಲವೇ ತಪ್ಪು ಎಣ್ಣೆಯಿಂದ ಕಪ್ಪು ಉಬ್ಬಿ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿದೆ. ಕ್ಯಾಲಿಪರ್ ಕಡೆಯ ತಾಮ್ರದ ವಾಷರುಗಳನ್ನು ಹೋಸಿನ ಜೊತೆ ಹೊಸದಾಗಿಯೇ ಹಾಕಬೇಕು, ಒಮ್ಮೆ ಅದುಮಿದ ವಾಷರ್ ಎರಡನೇ ಸಲ ಹಿಡಿಯುವುದಿಲ್ಲ.

ಪೈಪಿನ ನಟ್ಟು ಬಿಚ್ಚುವಾಗ ಮಾಮೂಲಿ ಸ್ಪ್ಯಾನರ್ ಬೇಡ, ಮೂಲೆಗಳು ಉರುಟಾಗುತ್ತವೆ. 10 ಮಿ.ಮೀ. ಫ್ಲೇರ್ ನಟ್ ಸ್ಪ್ಯಾನರ್ ಬೇಕು. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನಟ್ಟಿನ ಜೊತೆ ಪೈಪೂ ತಿರುಚಿಕೊಂಡರೆ ಆ ಪೈಪು ಹೋಯಿತೆಂದೇ ಲೆಕ್ಕ. ತುಂಡಾದ ಪೈಪಿಗೆ ಮಾಮೂಲಿ ತಾಮ್ರದ ಕೊಳವೆ ಜೋಡಿಸಿ ಕೊಡುವವರಿದ್ದಾರೆ. ಒಪ್ಪಬೇಡಿ. ತುದಿಯನ್ನು ಎರಡು ಪದರ ಮಡಚಿ ಫ್ಲೇರ್ ಮಾಡಿದ ಬ್ರೇಕ್ ಪೈಪನ್ನೇ ಹಾಕಿಸಿ.

ಆಯಿಲಿನ ವಿಷಯಕ್ಕೆ ಬಂದರೆ, ಡಾಟ್ 3ಕ್ಕಿಂತ ಡಾಟ್ 4 (ಬಾಟಲಿಯ ಮೇಲೆ ಬರೆದಿರುವ ಬ್ರೇಕ್ ಆಯಿಲಿನ ದರ್ಜೆ) ನಮ್ಮ ಊರಿಗೆ ಒಳ್ಳೆಯದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಗೆ ಕುದಿಯುತ್ತದೆ, ಡಾಟ್ 4 230ಕ್ಕೆ. 3.7 ಶೇಕಡಾ ನೀರು ಸೇರಿದ ಮೇಲೆ ಅವು 140 ಮತ್ತು 155ಕ್ಕೆ ಇಳಿಯುತ್ತವೆ. ಕೊಡಗಿನ ಭಾಗಮಂಡಲದಿಂದ ಕರಿಕೆ ಮಾರ್ಗವಾಗಿ ಘಾಟಿಯಲ್ಲಿ ಪಾಣತ್ತೂರಿಗೆ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೆಯೇ ಕಾಲಿಟ್ಟರೆ ಕ್ಯಾಲಿಪರಿನ ಬಿಸಿಗೆ ಇಂಥ ಹಳೆಯ ಆಯಿಲ್ ಕುದಿದು ಆವಿಯಾಗಬಹುದು. ಆವಿ ಅದುಮಿಕೊಳ್ಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಆ ಇಳಿಜಾರಿನಲ್ಲಿ ಎರಡನೇ ಗೇರು, ಎರಡು ವರ್ಷಕ್ಕೊಮ್ಮೆ ಹೊಸ ಆಯಿಲ್, ಎರಡೂ ಬೇಕು.

ಡಾಟ್ 3 ಇದ್ದ ಗಾಡಿಗೆ ಡಾಟ್ 4 ಹಾಕಬಹುದು, ಎರಡೂ ಗ್ಲೈಕಾಲ್ ಜಾತಿಯವೇ. ಡಾಟ್ 5 ಸಿಲಿಕಾನಿನದು, ಅದನ್ನು ಬೆರೆಸಲೇಬಾರದು. ಡಾಟ್ 5.1 ಎಂದು ಬರೆದದ್ದು ಮತ್ತೆ ಗ್ಲೈಕಾಲ್, ಹೆಸರು ಮಾತ್ರ ಗೊಂದಲ ಹುಟ್ಟಿಸುತ್ತದೆ. ಸೀಲ್ ಮುರಿಯದ ಅರ್ಧ ಲೀಟರಿನ ಬಾಟಲಿಯನ್ನೇ ಕೊಳ್ಳಿ. ದೊಡ್ಡ ಕ್ಯಾನಿನಿಂದ ಸುರಿದು ಕೊಡುವ ಆಯಿಲ್ ಅಗ್ಗವಾದರೂ ಬೇಡ, ಅದು ಎಷ್ಟು ದಿನದಿಂದ ಮಳೆಗಾಲದ ಗಾಳಿ ಕುಡಿದಿದೆ ಎಂಬ ಲೆಕ್ಕವಿಲ್ಲ. ಉಳಿದ ಅರ್ಧ ಬಾಟಲಿಯನ್ನು ಮುಂದಿನ ವರ್ಷಕ್ಕೆಂದು ಶೆಡ್ಡಿನಲ್ಲಿ ಇಡುವುದೂ ಅಷ್ಟೇ ವ್ಯರ್ಥ. ಪೇಂಟ್ ಮೇಲೆ ಬಿದ್ದರೆ ಒರೆಸುತ್ತ ಕೂರದೆ ಕೂಡಲೇ ನೀರು ಹೊಯ್ಯಿರಿ.

ಶೂ ಮತ್ತು ಪ್ಯಾಡಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹೆಸರಿರುವ ಕಂಪನಿಯದ್ದೇ ಕೊಳ್ಳಿ, ಎಡಬಲ ಒಟ್ಟಿಗೆ ಬದಲಿಸಿ. ಆಯಿಲ್ ನೆನೆದ ಶೂವನ್ನು ಬೆಂಕಿಯಲ್ಲಿ ಸುಟ್ಟು, ಉಜ್ಜಿ ಮತ್ತೆ ಹಾಕುವುದು ಅಪಾಯ, ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಆಮ್ನಿಯಂಥ ಗಾಡಿಯಲ್ಲಿ ಡ್ರಮ್ಮಿನೊಳಗೆ ಒದ್ದೆ ಕಂಡರೆ ಮೂಸಿ ನೋಡಿ: ಗಂಧಕದ ಘಾಟಿದ್ದರೆ ಅದು ಆಕ್ಸಲ್ ಸೀಲಿನಿಂದ ಬಂದ ಗೇರ್ ಆಯಿಲ್, ವೀಲ್ ಸಿಲಿಂಡರ್ ಬದಲಿಸಿ ಫಲವಿಲ್ಲ. ಡ್ರಮ್ಮಿನ ಧೂಳನ್ನು ಏರ್ ಗನ್ನಿನಿಂದ ಊದಬೇಡಿ. ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಸರಿ.

ಏರ್ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಪಾರದರ್ಶಕ ಟ್ಯೂಬು, ತಳದಲ್ಲಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿ, ನಿಪ್ಪಲಿಗೆ ಹೊಂದುವ 8 ಅಥವಾ 10ರ ರಿಂಗ್ ಸ್ಪ್ಯಾನರ್. ಮಾಸ್ಟರ್ ಸಿಲಿಂಡರ್ ಬಲಗಡೆ ಇರುವುದರಿಂದ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಳಗಿದ್ದವರು ಒತ್ತಿ ಹಿಡಿಯಬೇಕು, ಹೊರಗಿದ್ದವರು ನಿಪ್ಪಲನ್ನು ಅರ್ಧ ಸುತ್ತು ಬಿಡಿಸಿ ಮತ್ತೆ ಬಿಗಿಯಬೇಕು, ಆಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಂತು ಆಯಿಲ್ ಜೇನಿನ ಬಣ್ಣಕ್ಕೆ ಬರುವವರೆಗೆ ಇದೇ. ನಾಲ್ಕೈದು ಒತ್ತಿಗೊಮ್ಮೆ ಡಬ್ಬಿ ತುಂಬಿಸಿ, ಒಮ್ಮೆ ಖಾಲಿಯಾಗಿ ಗಾಳಿ ಎಳೆದುಕೊಂಡರೆ ಮೊದಲಿನಿಂದ ಮಾಡಬೇಕು. ಬರೀ ಏರ್ ತೆಗೆಯಲು ಅರ್ಧ ಲೀಟರ್ ಸಾಲುತ್ತದೆ, ಹಳೆಯದನ್ನು ಪೂರ್ತಿ ಹೊರಹಾಕಲು ಒಂದು ಲೀಟರ್ ಇಟ್ಟುಕೊಳ್ಳಿ.

ಹಳೆಯ ಗಾಡಿಗೆ ಮಾತ್ರ ಒಂದು ಎಚ್ಚರ: ಪೆಡಲನ್ನು ನೆಲಕ್ಕೆ ತಾಗುವಷ್ಟು ಒತ್ತಬೇಡಿ. ದಿನನಿತ್ಯ ಕಪ್ಪು ಓಡಾಡುವ ಜಾಗ ಮಾತ್ರ ನುಣುಪಾಗಿರುತ್ತದೆ, ಅದರಾಚೆ ವರ್ಷಗಟ್ಟಲೆಯ ತುಕ್ಕು ಕುಳಿತಿದೆ. ಅಲ್ಲಿಗೆ ಹೋದ ಕಪ್ಪು ಹರಿದು ವಾಪಸು ಬರುತ್ತದೆ. ಸರಿಯಿದ್ದ ಮಾಸ್ಟರ್ ಸಿಲಿಂಡರ್ ಏರ್ ತೆಗೆದ ಮರುದಿನವೇ ಕೈಕೊಡುವುದು ಇದರಿಂದಲೇ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡರೆ ಈ ನಷ್ಟವಿಲ್ಲ.

ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರದ ಎರಡೂ ಕಡೆ ಮುರಕಲ್ಲಿನ ತುಂಡು ಕೊಡಿ. 15 ವರ್ಷ ದಾಟಿದ ಗಾಡಿಯ ರಿಜಿಸ್ಟ್ರೇಶನ್ ನವೀಕರಣಕ್ಕೆ ಹೋಗುವ ಮೊದಲು ಹ್ಯಾಂಡ್ ಬ್ರೇಕ್ ಐದಾರು ಕಟಕಟದೊಳಗೆ ಹಿಡಿಯುತ್ತದೋ ನೋಡಿ. ಹಿಡಿಯದಿದ್ದರೆ ಮೊದಲು ಶೂ ಅಡ್ಜಸ್ಟ್ ಮಾಡಿ, ಆಮೇಲೆ ಕೇಬಲ್ ಬಿಗಿಯಿರಿ. ಕೇಬಲ್ ಮೊದಲು ಬಿಗಿದರೆ ಒಳಗಿನ ಅಡ್ಜಸ್ಟರ್ ಕೆಲಸ ಮಾಡದೆ ಪೆಡಲ್ ಮತ್ತೆ ಆಳಕ್ಕೆ ಹೋಗುತ್ತದೆ.

ಕೆಲಸ ಮುಗಿದ ಮೇಲೆ ರಸ್ತೆಗಿಳಿಯುವ ಮೊದಲು ಎಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಹಗುರವಾಗಿ, ಅರ್ಧ ನಿಮಿಷ ಜೋರಾಗಿ ಒತ್ತಿ ಹಿಡಿಯಿರಿ. ಅಂಗಳದಲ್ಲೇ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿ. ಡಬ್ಬಿಯ ಮಟ್ಟಕ್ಕೆ ಪೆನ್ನಿನಿಂದ ಒಂದು ಗೆರೆ ಎಳೆದು, ಹಿಂದಿನ ಎರಡು ಚಕ್ರಗಳ ಒಳಬದಿಯ ಕೆಳಗೆ ಹಳೆಯ ಪೇಪರ್ ಹಾಸಿಡಿ. ಬೆಳಿಗ್ಗೆ ಗೆರೆ ಇದ್ದಲ್ಲೇ ಇದ್ದು ಪೇಪರ್ ಒಣಗಿದ್ದರೆ ಗಾಡಿ ತೆಗೆಯಿರಿ.